ಜೋಡಿಗೆ ಒಂದೇ ಬಾಯಿ

ಅಶ್ವತ್ಥಪ್ಪ ಜಮೈಕಾದಿಂದ ವಾಪಸ್ಸಾದ ಮೇಲೆ ಚಿನ್ನದ ಗಣಿಯ ಕೆಲಸಗಾರರಿರುವ ನಂದಿದುರ್ಗದ ಲೈನುಗಳಲ್ಲಿ ಅವನ ಮನೆಯ ಕಾಫಿ ಕುಡಿಯದವರೇ ಉಳಿಯಲಿಲ್ಲ. ದಿನಾ ನೆಲದೊಳಕ್ಕೆ ಇಳಿಯುವ ಮನುಷ್ಯ ಒಂದು ಸಲ ಆಕಾಶಕ್ಕೆ ಹತ್ತಿ, ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಭೂಮಿಯ ಆ ಮಗ್ಗುಲಿಗೆ ಹೋಗಿಬಂದರೆ ಕೇಳುವವರಿಗೆ ಕಮ್ಮಿಯೇ? ಅದೂ ವೆಸ್ಟ್ ಇಂಡೀಸ್. ಹಿಂದಿನ ವರ್ಷವಷ್ಟೇ ನಮ್ಮವರು ವರ್ಲ್ಡ್ ಕಪ್ಪಿನಲ್ಲಿ ಅವರನ್ನು ಸೋಲಿಸಿದ್ದರು. ಲೈನಿನ ಗಂಡಸರಿಗೆ ಆ ಹೆಸರಿಗೆ ಒಂದೇ ಅರ್ಥ, ಎದೆಮಟ್ಟಕ್ಕೆ ಎಗರಿ ಬರುವ ಚೆಂಡು. ಅಲ್ಲೂ ಮರ, ಮನೆ, ಮಾವಿನಹಣ್ಣು, ಅತ್ತೆ ಸೊಸೆ ಜಗಳ ಎಲ್ಲ ಇದೆ ಎಂದು ಅವರಿಗೆ ಗೊತ್ತಾದದ್ದು ಅಶ್ವತ್ಥಪ್ಪ ಹೇಳಿದ ಮೇಲೆಯೇ.

ಅಲ್ಲಿಗೆ ಕರೆಸಿಕೊಂಡವನು ಸೀನಪ್ಪ, ಅಶ್ವತ್ಥಪ್ಪನ ಹೆಂಡತಿ ಮುನಿರತ್ನಮ್ಮನ ತಮ್ಮ. ತಾಯಿ ಸತ್ತಾಗ ಮೊಣಕಾಲುದ್ದ ಇದ್ದ ಆ ಹುಡುಗನನ್ನು ಬೇತಮಂಗಲದಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಮುನಿರತ್ನಮ್ಮ. ಮದುವೆಯಾಗಿ ಗಣಿಗೆ ಬಂದ ಮೇಲೂ ಅವನನ್ನು ಇಲ್ಲಿಗೇ ಕರೆತಂದು ಓದಿಸಿದಳು. ಅವನು ಗಣಿಯ ಓದು ಓದಿ, ಮೊದಲು ಜಾಂಬಿಯಾಕ್ಕೆ, ಅಲ್ಲಿಂದ ಜಮೈಕಾದ ಬಾಕ್ಸೈಟ್ ಗಣಿಗೆ ಹೋಗಿ ದೊಡ್ಡ ಹುದ್ದೆಯಲ್ಲಿ ಕೂತ. ಅಕ್ಕ ಜೀವಮಾನದಲ್ಲಿ ಒಂದು ಸಲವಾದರೂ ಕಾಲು ಚಾಚಿ ಕೂರಲಿ ಎಂದು ಇಬ್ಬರಿಗೂ ಟಿಕೇಟು ಕಳಿಸಿದ. ಮಗಳ ಮದುವೆ ಮುಗಿದಿತ್ತು, ಅಶ್ವತ್ಥಪ್ಪನಿಗೆ ರಜೆ ಕೂಡಿತ್ತು, ಹೋದರು.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಅಶ್ವತ್ಥಪ್ಪ ಆ ಜಾತಿಯವನು. ಕಂಡದ್ದನ್ನೆಲ್ಲ ಹೇಳುತ್ತಿದ್ದ, ಕಾಣದ್ದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದ. ಆದರೆ ಒಂದು ಸಂಗತಿಯನ್ನು ಮಾತ್ರ ಹೇಳುತ್ತಿರಲಿಲ್ಲ. ಅಲ್ಲಿಯ ಸಮುದ್ರದ ನಡುವೆ ಅವನು ಹೆಂಡತಿಯನ್ನು ಬಿಟ್ಟು ಬಂದಿದ್ದ. ಯಾರೋ ಮೀನು ಹಿಡಿಯುವ ಮುದುಕನ ಕಣ್ಣಿಗೆ ಬಿದ್ದದ್ದರಿಂದ ಅವಳು ಬದುಕಿದಳು. “ಊರಲ್ಲಿ ಯಾರಿಗೂ ಯೇಳ್ಬೇಡ ರತ್ನಾ, ನಿನ್ ಕಾಲಿಗೆ ಬೀಳ್ತೀನಿ” ಎಂದು ಅವನು ಅತ್ತಿದ್ದ. ಅವಳು ಹೇಳಿರಲಿಲ್ಲ. ಈಗ ಅವನು ಇನ್ನೊಂದು ಸುದ್ದಿಯನ್ನು ಮನೆಮನೆಗೂ ಹಂಚುತ್ತಿದ್ದ. ಸೀನಪ್ಪನ ಗಣಿಯಲ್ಲಿ ಸ್ಟೋರು ನೋಡಿಕೊಳ್ಳುವ ಕೆಲಸ ಖಾಲಿಯಾಗುತ್ತದೆ, ತಾವಿಬ್ಬರೂ ಅಲ್ಲಿಗೇ ಹೋಗಿ ಇರುತ್ತೇವೆ ಎಂದು. ವಾಪಸ್ಸು ವಿಮಾನ ಹತ್ತುವ ಮುಂಚೆ ಸೀನಪ್ಪ ಕೇಳಿದಾಗ, “ನಮ್ಮಿಬ್ಬರದೂ ಒಪ್ಪಿಗೆ ಕಣಯ್ಯ” ಎಂದು ಅವನೇ ಮಾತು ಕೊಟ್ಟಿದ್ದ. ಮುನಿರತ್ನಮ್ಮ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಆ ಸಮುದ್ರವನ್ನು ಮತ್ತೆ ನೋಡುವುದು ಅವಳಿಗೆ ಬೇಡವಾಗಿತ್ತು. ಹೋಗುವುದಿಲ್ಲ ಎನ್ನಬೇಕು. ಯಾಕೆ ಎಂದರೆ ಹೇಳಬೇಕು. ಹೇಳಿದರೆ ಗಂಡನ ಕಥೆ ಈ ಗಣಿಯಲ್ಲಿ ಮುಗಿಯಿತು. ಹೀಗೆ ದಿನ ದೂಡುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ ಕಾಮಸಮುದ್ರದ ಬಸ್ಸಿನಲ್ಲಿ ಅತ್ತೆ ಮುನಿನಾರಾಯಣಮ್ಮ ಕಡಲೆಕಾಯಿ ಗಂಟು ಹೊತ್ತು ಬಂದಿದ್ದಳು. ಅಕ್ಕಪಕ್ಕದವರು ಬಂದು ಹೊಸಿಲು, ಜಗಲಿ ತುಂಬ ಕೂತಿದ್ದರು. ನಡುವೆ ಕುಪ್ಪುಸ್ವಾಮಿ, ಮುನಿರತ್ನಮ್ಮನನ್ನು ತನ್ನ ತಮಿಳಿನಲ್ಲಿ ತಂಗಚ್ಚಿ, ಅಂದರೆ ತಂಗಿ, ಎಂದು ಕರೆಯುವವನು. ಅವನು ಗಣಿಯೊಳಗೆ ಅಶ್ವತ್ಥಪ್ಪನ ಜೋಡಿ. ಇಬ್ಬರೂ ಸೇರಿ ಮೇಲಿನ ಬಂಡೆ ಕುಸಿಯದಂತೆ ಮರದ ಆಸರೆ ಕಟ್ಟುವವರು, ಮೀಸೆ ಮೂಡಿದ ಕಾಲದಿಂದಲೂ ಒಟ್ಟಿಗೆ ಇಳಿದವರು. ತಂಗಿ ಮಗಳ ಮದುವೆಗೆಂದು ತಿರುಪತ್ತೂರಿಗೆ ಹೋಗಿ, ಅವನು ಹಿಂತಿರುಗಿದ್ದು ಅವತ್ತೇ.

“ಮರಳು ಅಂದ್ರೆ ನಮ್ಮ ಪಾಲಾರ್ ಮರಳಲ್ಲ ಕುಪ್ಪಣ್ಣ,” ಎಂದ ಅಶ್ವತ್ಥಪ್ಪ. “ಬಾಂಬೆ ರವೆ. ಬರಿಗಾಲಲ್ಲಿ ತುಳಿದ್ರೆ ಉಪ್ಪಿಟ್ಟು ಮಾಡವಾ ಅನ್ಸುತ್ತೆ. ಅದ್ರ ಮೇಲೆ ಬಿಳಿಯೋರು ಗಂಡಸ್ರು ಎಂಗಸ್ರು ಎಲ್ಲಾ ಮೈಗೆ ಎಣ್ಣೆ ಅಚ್ಕೊಂಡು ಬಿಸ್ಲಲ್ಲಿ ಬಿದ್ಕೊಂಡಿರ್ತಾರೆ. ಒಂದು ಮಗ್ಗುಲು ಕೆಂಪಗಾದ್ಮೇಲೆ ಇನ್ನೊಂದು ಮಗ್ಗುಲು.”

“ಯಾಕ್ಲಾ, ಮೈಯಾಗೆ ಏನಾರ ಕಾಯ್ಲೆನಾ ಅವರಿಗೆ?” ಅಂದಳು ತಾಯಿ.

“ಕಾಯ್ಲೆ ಇಲ್ಲಮ್ಮ, ಅವರ್ಗೆ ಅದೇ ರಜಾ.”

“ರಜಾ ಸಿಕ್ರೆ ನೆಳ್ಳಾಗೆ ಮಲಗ್ಬೇಕಪ್ಪ. ಬಿಸ್ಲಲ್ಲಿ ಒಣಗೋದು ಸಂಡಿಗೆ.”

ಜನ ನಕ್ಕರು. ಅಶ್ವತ್ಥಪ್ಪನಿಗೆ ಇನ್ನೂ ಹುರುಪು ಬಂತು. ನೀರಿನ ತಳಕ್ಕೆ ಇಳಿಯುವವರು ಥೇಟ್ ನಮ್ಮ ಗಣಿಯ ರೆಸ್ಕ್ಯೂ ಟೀಮಿನವರ ಹಾಗೆ ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು ಕಟ್ಟಿಕೊಳ್ಳುತ್ತಾರೆ, ಮುಖಕ್ಕೆ ಗಾಜು ಹಾಕಿಕೊಂಡು ದೋಣಿಯ ಅಂಚಿನಿಂದ ಹಿಂದಕ್ಕೆ ಬೀಳುತ್ತಾರೆ ಎಂದು ಎದ್ದು ನಿಂತು ಬಿದ್ದೇ ತೋರಿಸಿದ. ಕುಪ್ಪುಸ್ವಾಮಿಯ ಮುಖ ಸಣ್ಣಗಾಯಿತು. ಲೈನಿನಲ್ಲಿ ಬೆನ್ನಿಗೆ ಸಿಲಿಂಡರು ಕಟ್ಟಿದವರು ಓಡಿದರೆಂದರೆ ಯಾವುದೋ ಮನೆಯಲ್ಲಿ ಒಲೆ ಆರಿತು ಎಂದೇ ಅರ್ಥ.

“ಯಾರು ಡಾ ಒಳಗೆ ಸಿಕ್ಕೊಂಡಿದ್ದು? ಹೋಗಿಬಿಟ್ರಾ?” ಎಂದು ಕೇಳಿದ.

“ಯಾರೂ ಇಲ್ಲಣ್ಣ. ಮೀನು ನೋಡಕ್ಕೆ ಇಳಿಯೋದು.”

“ಮೀನು ನೋಡಕ್ಕಾ?” ಎಂದು ಕುಪ್ಪುಸ್ವಾಮಿ ಬಾಯಿ ಬಿಟ್ಟ. ಜಗಲಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಬಾಗಿಲಲ್ಲಿ ನಿಂತಿದ್ದ ಮುನಿರತ್ನಮ್ಮನಿಗೂ ನಗು ಬಂತು. ಗಂಡ ಹೀಗೆ ಹೇಳುವಾಗ ಅವಳಿಗೆ ಈಗಲೂ ಅವನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಅದೇ ಅವಳ ಕಷ್ಟ.

ಸುಳ್ಳೇಕೆ, ಆ ನೀರು ಅವಳಿಗೂ ಹಿಡಿಸಿತ್ತು. ಬೇತಮಂಗಲದ ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ಅವಳು. ಸೀನಪ್ಪನ ಹೆಂಡತಿಯ ಚೂಡಿದಾರ ತೊಟ್ಟು, ಮೇಲೆ ತೇಲುವ ಜಾಕೀಟು ಹಾಕಿ, ಮುಖಕ್ಕೆ ಗಾಜು, ಬಾಯಿಗೆ ಉಸಿರಾಡುವ ಕೊಳವೆ ಕಚ್ಚಿಕೊಂಡು ಅವಳು ನೀರಿನ ಮೇಲೆ ಬೋರಲು ಮಲಗಿದಾಗ ಕೆಳಗೊಂದು ಬಳೆಯಂಗಡಿ ತೆರೆದಂತಾಗಿತ್ತು. ಹಳದಿ ಮೀನು, ನೀಲಿ ಮೀನು, ಗೀಟು ಗೀಟಿನ ಮೀನು. ಹವಳದ ಗುಡ್ಡೆಗಳ ಸಂದಿಯಿಂದ ಅವು ಬಂದು ಇವಳ ಬೆರಳು ಮೂಸಿ ಹೋದವು. ನಲವತ್ತು ದಾಟಿದ ಹೆಂಗಸು ಆ ಹೊತ್ತು ಮಗಳನ್ನು, ಮನೆಯನ್ನು, ಗಣಿಯ ಸೈರನ್ನನ್ನು ಎಲ್ಲವನ್ನೂ ಮರೆತಳು. ತಲೆ ಎತ್ತಿ ನೋಡಿದರೆ ತಮ್ಮನ್ನೆಲ್ಲ ಕರೆತಂದ ದೋಣಿಯ ಬೆನ್ನು ಕಾಣುತ್ತಿತ್ತು. ಅದು ದಡದ ಕಡೆ ಹೋಗುತ್ತಿತ್ತು.

ಆದದ್ದಿಷ್ಟು. ವಾಪಸ್ಸು ಹೊರಡುವ ಮುಂಚೆ ದೋಣಿಯವನು ಎಲ್ಲರ ಹೆಸರು ಕೂಗಿದ್ದ. ಅಶ್ವತ್ಥಪ್ಪ ಆಗಲೇ ದೋಣಿ ಹತ್ತಿ, ಅಲ್ಲಿಯ ಇಬ್ಬರು ಹುಡುಗರನ್ನು ಕೂರಿಸಿಕೊಂಡು, ನಮ್ಮವರು ಫೈನಲ್ಲಿನಲ್ಲಿ ಅವರ ಕೊನೆಯ ವಿಕೆಟ್ ಕಿತ್ತದ್ದು ಹೇಗೆ ಎಂದು ಕೈಸನ್ನೆಯಲ್ಲಿ ತೋರಿಸುತ್ತಿದ್ದ. ಹೆಂಡತಿಯ ಹೆಸರು ಬಂದಾಗ, ಮಾತು ನಿಲ್ಲಿಸದೆ, ತಿರುಗಿ ನೋಡದೆ, “ಎಸ್, ಎಸ್” ಎಂದುಬಿಟ್ಟ. ಹಿಂದೆ ನೆರಳಿನಲ್ಲಿ ಕೂತಿರುತ್ತಾಳೆ ಎಂದುಕೊಂಡ. ದಡ ಮುಟ್ಟಿದ ಮೇಲೆ ಕಾರು ತಂದಿದ್ದ ಸೀನಪ್ಪ “ಅಕ್ಕ ಎಲ್ಲಿ ಭಾವ?” ಎಂದಾಗಲೇ ಅವನು ತಿರುಗಿ ನೋಡಿದ್ದು.

ಇದು ಗಣಿಯ ಅಭ್ಯಾಸ. ಪಾಳಿ ಮುಗಿದು ಎಲ್ಲರೂ ಮೇಲೆ ಹೋಗುವ ಕೇಜಿನ ಮುಂದೆ ಕೂಡಿದಾಗ ಮೇಸ್ತ್ರಿ ಹೆಸರು ಕೂಗುತ್ತಾನೆ. ಪಂಪುಗಳ ಸದ್ದಿನಲ್ಲಿ ಒಬ್ಬೊಬ್ಬರೂ ಕಿರುಚಿಕೊಳ್ಳುವುದು ಬೇಡವೆಂದು ಜೋಡಿಯಲ್ಲಿ ಒಬ್ಬ ಇಬ್ಬರ ಪರವಾಗಿ “ಇದ್ದೀವಿ” ಎನ್ನುತ್ತಾನೆ. ಜೋಡಿಗೆ ಒಂದೇ ಬಾಯಿ ಎನ್ನುವುದು ಅಲ್ಲಿಯ ಮಾತು. ಅಶ್ವತ್ಥಪ್ಪ ಈ ಮಾತನ್ನು ಮನೆಗೂ ತಂದಿದ್ದ. ರೇಷನ್ ಅಂಗಡಿಯಲ್ಲಿ, ಬೀಗರ ಮುಂದೆ, ಆಸ್ಪತ್ರೆಯಲ್ಲಿ ಡಾಕ್ಟರು ಇವಳಿಗೆ ಎಲ್ಲಿ ನೋವು ಎಂದಾಗಲೂ ಉತ್ತರ ಅವನದೇ. ಆದರೆ ಗಣಿಯಲ್ಲಿ ಆ ಮಾತಿಗೊಂದು ಬಾಲವಿದೆ. ಇದ್ದೀವಿ ಎನ್ನುವ ಮುಂಚೆ ಜೋಡಿಯವನ ಮೈ ಮುಟ್ಟಬೇಕು. ಕತ್ತಲಲ್ಲಿ, ಗದ್ದಲದಲ್ಲಿ, ಪಕ್ಕದಲ್ಲಿದ್ದಾನೆ ಅಂದುಕೊಂಡರೆ ಸಾಲದು. ಮುಟ್ಟದೆ ಹೇಳಿದವನ ಜೊತೆ ಮತ್ತೆ ಯಾರೂ ಇಳಿಯುವುದಿಲ್ಲ. ಗಣಿಯವನ ಹೆಂಡತಿಗೆ ಇದೆಲ್ಲ ಗೊತ್ತಿರದೆ ಇರುತ್ತದೆಯೇ? ಅದಕ್ಕೇ ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಜಗಲಿಯಲ್ಲಿ ನಗು ಇನ್ನೂ ನಿಂತಿರಲಿಲ್ಲ. ನಗಿಸುವವನಿಗೆ ನಗುವವರು ಸಿಕ್ಕರೆ ಹಗ್ಗ ಬಿಚ್ಚಿದ ಕರು. ಅಶ್ವತ್ಥಪ್ಪ ಒಳಬಾಗಿಲ ಕಡೆ ಕೈ ತೋರಿಸಿದ.

“ನಮ್ಮ ರತ್ನನ್ನ ಏನಂದ್ಕೊಂಡ್ರಿ? ಮೀನು ನೋಡಿದ್ದು ಸಾಲ್ದು ಅಂತ ನೀರಲ್ಲೇ ಉಳ್ಕೊಂಡ್ಳು. ನಾವೆಲ್ಲಾ ದಡಕ್ಕೆ ಬಂದ್ವಿ. ಇವ್ಳು ಆಮೇಲೆ ಮೀನು ಇಡಿಯೋನ ದೋಣೀಲಿ, ಗೋಣಿಚೀಲ ಒದ್ಕೊಂಡು, ಮಾರಾಣಿ ಅಂಗೆ ಬಂದಿಳಿದ್ಳು.”

ಮುನಿರತ್ನಮ್ಮ ಕೈಯಲ್ಲಿದ್ದ ಕಾಫಿ ತಟ್ಟೆಯನ್ನು ಕೆಳಗಿಟ್ಟಳು. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಅವಳು ಸಹಿಸಿದ್ದಳು. ಅದೇ ಇವತ್ತು ತಮಾಷೆಯಾಗಿ ಹೊರಗೆ ಬಂದದ್ದನ್ನು ಕೇಳಿ ಮೈಯೆಲ್ಲ ಉರಿಯಿತು. ಗೋಣಿಚೀಲ ಹೊದಿಸಿದ ಆ ಮುದುಕ ತನ್ನ ಕುಡಿಯುವ ನೀರನ್ನೆಲ್ಲ ಇವಳಿಗೆ ಕುಡಿಸಿದ್ದ, ದಡ ಬರುವವರೆಗೂ ಇವಳ ಕೈ ಹಿಡಿದುಕೊಂಡಿದ್ದ. ಅವನಿಗೆ ಇವಳ ಭಾಷೆ ಬರುತ್ತಿರಲಿಲ್ಲ, ಇವಳಿಗೆ ಅವನದು ಬರುತ್ತಿರಲಿಲ್ಲ.

ಎಲ್ಲರೂ ನಕ್ಕರು, ಕುಪ್ಪುಸ್ವಾಮಿ ಮಾತ್ರ ನಗಲಿಲ್ಲ.

“ಇರಪ್ಪಾ,” ಎಂದ. “ನೀವೆಲ್ಲ ದಡಕ್ಕೆ ಬಂದ್ರಿ, ತಂಗಚ್ಚಿ ನೀರಲ್ಲಿದ್ಲು. ಅಲ್ಲಿ ದೋಣಿಯವ್ನು ಹೆಸರು ಕರೆಯಲ್ವಾ?”

“ಕರೀತಾರೆ, ಕರೀತಾರೆ. ನಮಗಿಂತ ಸ್ಟ್ರಿಕ್ಟು.”

“ತಂಗಚ್ಚಿ ಹೆಸರು ಕರೆದಾಗ ಯಾರು ಜವಾಬು ಕೊಟ್ಟಿದ್ದು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಶ್ವತ್ಥಪ್ಪನೂ ಹಾಗೇ ಗಡಿಬಿಡಿಗೆ ಬಿದ್ದ. ದೋಣಿಯವನ ಉಚ್ಚಾರಣೆ ಸರಿಯಿರಲಿಲ್ಲ, ಎಂಜಿನ್ ಸದ್ದು ಜಾಸ್ತಿ, ಅಲ್ಲಿಯ ಪದ್ಧತಿಯೇ ಬೇರೆ ಎಂದು ಯಾರೂ ಕೇಳದ ಉತ್ತರಗಳನ್ನೆಲ್ಲ ಕೊಟ್ಟ. ಕುಪ್ಪುಸ್ವಾಮಿ ತಲೆ ಆಡಿಸಲೂ ಇಲ್ಲ.

“ಮುಟ್ಟಿ ಹೇಳಿದ್ಯಾ, ಮುಟ್ಟದೆ ಹೇಳಿದ್ಯಾ? ಅಷ್ಟು ಹೇಳು ಡಾ.”

ಜಗಲಿಯವರು ಕಾಫಿ ಲೋಟ ಕೆಳಗಿಟ್ಟರು. ಅಲ್ಲಿದ್ದ ಗಂಡಸರೆಲ್ಲ ಗಣಿಯವರು.

“ಅವ್ಳೇ ಯೇಳಿದ್ಳಣ್ಣ,” ಎಂದ ಅಶ್ವತ್ಥಪ್ಪ. “ನೀವು ಓಗಿರಿ, ನಾನು ಆಮೇಲೆ ಇನ್ನೊಂದು ದೋಣೀಲಿ ಬತ್ತೀನಿ ಅಂತ ಅವ್ಳೇ ಯೇಳಿದ್ಳು. ಬೇಕಾದ್ರೆ ಕೇಳು. ಯೇಳು ರತ್ನಾ.”

ಎಲ್ಲರೂ ಅವಳ ಕಡೆ ತಿರುಗಿದರು. ಗಂಡನ ಮುಖದಲ್ಲಿ ನಗು ಇನ್ನೂ ಅಂಟಿಕೊಂಡಿತ್ತು, ಕಣ್ಣು ಮಾತ್ರ ಕೈ ಮುಗಿಯುತ್ತಿತ್ತು. ಒಂದು “ಹ್ಞೂ” ಅಂದರೆ ಸಾಕಿತ್ತು. ಕಾಫಿ ತಟ್ಟೆ ಮತ್ತೆ ಸುತ್ತುತ್ತಿತ್ತು, ಮಾತು ಮಾವಿನಹಣ್ಣಿಗೆ ಹೊರಳುತ್ತಿತ್ತು. ಅವಳಿಗೆ ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಅವನ ಹಿಂದೆ ಕುಪ್ಪುಸ್ವಾಮಿ ಕಾಣುತ್ತಿದ್ದ. ನಾಳೆ ಬೆಳಿಗ್ಗೆ ಇದೇ ಬಾಯಿಯನ್ನು ನಂಬಿ ಕೆಳಗೆ ಇಳಿಯಬೇಕಾದವನು.

“ನಾನೇಳಿಲ್ಲ,” ಎಂದಳು ಮುನಿರತ್ನಮ್ಮ.

ಧ್ವನಿ ಮೆಲ್ಲಗೇ ಇತ್ತು. ಆಡಿದ ಮೇಲೆ ಉಳಿದದ್ದು ತಾನಾಗಿ ಬಂತು. “ನಾನು ನೀರಾಗಿದ್ದೆ. ತಲೆ ಎತ್ತಿ ನೋಡಿದ್ರೆ ದೋಣಿ ಓಯ್ತಾ ಇತ್ತು. ಸುತ್ಕೊಂಡು ಬತ್ತದೇನೋ ಅಂದ್ಕೊಂಡೆ. ಬರ್ಲಿಲ್ಲ. ಕೂಗ್ದೆ. ಏನೂಂದ್ರೆ, ಏನೂಂದ್ರೆ ಅಂತ ಕೂಗ್ದೆ. ಆ ಸಮುದ್ರದಾಗೆ ಏನೂಂದ್ರೆ ಅಂದ್ರೆ ಯಾರಿಗೆ ಗೊತ್ತಾಗ್ತದೆ? ಆಮೇಲೆ ಎಸ್ರು ಇಡಿದು ಕೂಗ್ದೆ.”

ಅತ್ತೆ ತಲೆ ಎತ್ತಿದಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದು ಆ ಮನೆಯಲ್ಲಿ ನಡೆದದ್ದಲ್ಲ. ಮುನಿರತ್ನಮ್ಮ ಓಟಿನ ಪಟ್ಟಿಯವರು ಬಂದರೂ ಪಕ್ಕದ ಮನೆಯವಳ ಕೈಯಲ್ಲಿ ಹೇಳಿಸಿದವಳು.

“ಅಶ್ವತ್ಥಪ್ಪಾ ಅಂತ ಕೂಗ್ದೆ ಅತ್ತೆ. ಎಷ್ಟು ಸಲ ಕೂಗಿದ್ನೋ. ಬಾಯೊಳಕ್ಕೆಲ್ಲಾ ಉಪ್ಪುನೀರು. ಗಂಟ್ಲು ಕಟ್ಟೋ ತನಕ ಕೂಗ್ದೆ. ಅವರು ತಿರುಗೀನೂ ನೋಡ್ಲಿಲ್ಲ.”

ಅತ್ತೆ ಮಗನ ಪರ ನಿಲ್ಲುತ್ತಾಳೆ ಎಂದೇ ಅವಳು ಎಣಿಸಿದ್ದಳು. ಮುದುಕಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ಮಗನನ್ನೇ ನೋಡಿದಳು.

“ಎಸ್ರು ಇಡಿದು ಕೂಗಿದ್ರೂ ಕೇಳಿಲ್ವೇನ್ಲಾ ನಿಂಗೆ?”

ಅವಳು ಹೆಸರು ಹಿಡಿದು ಕೂಗಿದ್ದು ಇಷ್ಟು ದಿನ ಅಶ್ವತ್ಥಪ್ಪನಿಗೂ ಗೊತ್ತಿರಲಿಲ್ಲ. ಕುಪ್ಪುಸ್ವಾಮಿ ಎದ್ದು ಚಪ್ಪಲಿ ಮೆಟ್ಟಿಕೊಂಡ. “ಬರ್ತೀನಿ ತಂಗಚ್ಚಿ” ಎಂದು ಇವಳಿಗೆ ಹೇಳಿದ, ಅವನಿಗೆ ಹೇಳಲಿಲ್ಲ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಸೋಮವಾರ ಅಶ್ವತ್ಥಪ್ಪ ಪಾಳಿಗೆ ಹೋದ. ಯಾರೂ ಬೈಯಲಿಲ್ಲ, ಯಾರೂ ಹಂಗಿಸಲಿಲ್ಲ. ಕುಪ್ಪುಸ್ವಾಮಿ ಮೇಸ್ತ್ರಿಯ ಹತ್ತಿರ ಬೇರೆ ಜೋಡಿ ಕೇಳಿದ್ದ, ಅಷ್ಟೇ. ಕಾರಣವನ್ನೂ ಹೇಳಿರಲಿಲ್ಲ. ಮೇಸ್ತ್ರಿ ಇನ್ನಿಬ್ಬರನ್ನು ಕೇಳಿ ನೋಡಿದ. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಹಳೇ ಜೋಡಿಯೇ ಸರಿ. ಕೊನೆಗೆ ಅಶ್ವತ್ಥಪ್ಪನನ್ನು ಮೇಲೆ ಮರದ ಯಾರ್ಡಿನಲ್ಲಿ ದಿಮ್ಮಿ ಜೋಡಿಸುವುದಕ್ಕೆ ಹಾಕಿದರು. ಮೈ ನೋಯದ ಕೆಲಸ, ಮುದುಕರಿಗೂ ಕೈಕಾಲು ಊನವಾದವರಿಗೂ ಕೊಡುವಂಥದ್ದು.

ಮನೆಯಲ್ಲಿ ಅವನ ಬಾಯಿ ಬಿದ್ದುಹೋಯಿತು. ಉಣ್ಣುವಾಗ ಸಾರು ಬೇಕಾದರೆ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದ. ಮುನಿರತ್ನಮ್ಮನಿಗೆ ಗೆದ್ದೆ ಎನ್ನಿಸಲಿಲ್ಲ. ಯಾಕಾದರೂ ಆಡಿದೆನೋ ಎಂದು ಒಲೆಯ ಮುಂದೆ ಅತ್ತಳು. ಆಡದೆ ಇದ್ದು ಕೆಳಗೆ ಕುಪ್ಪುಸ್ವಾಮಿಗೆ ಏನಾದರೂ ಆಗಿದ್ದರೆ ಎಂದು ನೆನೆದು ಕಣ್ಣು ಒರೆಸಿಕೊಂಡಳು.

ಮಾತು ಹೊರಟದ್ದು ಒಂದು ವಾರದ ಮೇಲೆ. “ಇನ್ನು ಇಲ್ಲಿ ನಂಗೆ ಮಕ ಇಲ್ಲ,” ಎಂದ. “ಜಮೈಕಾಗೆ ಓಗ್ಬಿಡಾಣ. ಅಲ್ಲಿ ಯಾರಿಗೆ ಏನು ಗೊತ್ತು?”

“ನಂಗೆ ಗೊತ್ತಲ್ಲ,” ಎಂದಳು ಅವಳು.

ಅವನು ಕೇಳಿಸಿಕೊಂಡನೋ ಇಲ್ಲವೋ, ಫೋನು ಮಾಡಿ ಸೀನಪ್ಪನಿಗೆ ತಿಳಿಸಬೇಕು ಎಂದು ಹೊರಟು ನಿಂತ. ಬಂಗಾರಪೇಟೆಯ ಟೆಲಿಫೋನ್ ಆಫೀಸಿನಲ್ಲಿ ಅವನ ದೊಡ್ಡಪ್ಪನ ಮಗ ಬಚ್ಚಪ್ಪ ಕೆಲಸದಲ್ಲಿದ್ದ. ಹೊರದೇಶದ ಟ್ರಂಕ್ ಕಾಲ್ ಅವನಿದ್ದರೆ ಬೇಗ ಸಿಗುತ್ತಿತ್ತು. ಇಬ್ಬರೂ ರೈಲು ಹತ್ತಿದರು. ಅವಳು ಯಾಕೆ ಜೊತೆಗೆ ಹೊರಟಳೋ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ತನ್ನ ವಿಷಯ ತಾನಿಲ್ಲದ ಕಡೆ ತೀರ್ಮಾನವಾಗುವುದು ಬೇಡ ಎಂದಷ್ಟೇ ಅನಿಸಿತ್ತು. ಕಿಟಕಿಯಾಚೆ ಗಣಿಯ ಬೂದುಗುಡ್ಡಗಳು ಹಿಂದೆ ಸರಿದವು.

ಬಚ್ಚಪ್ಪ ಸ್ಟೂಲು ಹಾಕಿ ಕೂರಿಸಿ, ಟೀ ತರಿಸಿ, ಮದರಾಸಿಗೂ ಬೊಂಬಾಯಿಗೂ ಮತ್ತೆ ಮತ್ತೆ ಕೂಗಿ, ಸಂಜೆ ದೀಪ ಹಾಕುವ ಹೊತ್ತಿಗೆ ಲೈನು ತೆಗೆಸಿಕೊಟ್ಟ. ಅಲ್ಲಿ ಆಗಿನ್ನೂ ಬೆಳಿಗ್ಗೆಯಂತೆ. ಗೂಡಿನಂಥ ಸಣ್ಣ ಕೋಣೆಯಲ್ಲಿ ಇಬ್ಬರೂ ಒತ್ತಿಕೊಂಡು ನಿಂತರು. ಸೀನಪ್ಪನ ಧ್ವನಿ ಬಾವಿಯ ತಳದಿಂದ ಬಂದಂತೆ ಬಂತು. ಆದರೂ ಹೊರಗೆ ಕೇಳುವಷ್ಟು ಜೋರಾಗಿತ್ತು.

“ಭಾವ, ವಿಮಾನ ಅತ್ತೋವಾಗ ಒಪ್ಕೊಂಡ್ರಲ್ಲ, ಅದೇ ತೀರ್ಮಾನ ತಾನೇ? ಬತ್ತೀರಾ?”

“ಬತ್ತೀವಿ ಕಣಯ್ಯ.”

“ಅಕ್ಕನೂ ಒಪ್ಪಿದ್ಳಾ? ಆವತ್ತು ಅಷ್ಟು ಎದರಿದ್ಳಲ್ಲ. ನಿಜವಾಗ್ಲೂ ಬತ್ತಾಳಾ?”

ಅಶ್ವತ್ಥಪ್ಪನ ಬಾಯಿ ತೆರೆಯಿತು. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಹ್ಞೂ ಎನ್ನುವ ಮಾತು ಅಲ್ಲಿಯವರೆಗೂ ಬಂದು ನಿಂತದ್ದು ಅವಳಿಗೆ ಕಂಡಿತು. ಅವನು ಬಾಯಿ ಮುಚ್ಚಿದ. ಮುಖವೆಲ್ಲ ಬೆವರಿತ್ತು. ರಿಸೀವರನ್ನು ಅವಳ ಕೈಗೆ ಕೊಟ್ಟುಬಿಟ್ಟ.

ಮುನಿರತ್ನಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಸೀನಾ, ನಾನು ಬರಲ್ಲ ಕಣಪ್ಪ.”

“ಅಕ್ಕಾ? ಸರಿ ಅಕ್ಕಾ, ಬಿಡು. ನಿನ್ನ ಬಲವಂತ ಮಾಡಲ್ಲ.” ಎಂದ ಸೀನಪ್ಪ. “ಅಂಗಾದ್ರೆ ಭಾವ? ನೀನಿಲ್ದೆ ಭಾವ ಒಬ್ರೇ ಬತ್ತಾರಾ? ಅವರದು ಏನು ಯೇಳ್ಳಿ ನಾನು ಆಫೀಸಲ್ಲಿ?”

ಅವಳು ಗಂಡನ ಕಡೆ ನೋಡಿದಳು. ಅವನು ಗೋಡೆ ನೋಡುತ್ತಿದ್ದ. ತಾನೂ ಬರುವುದಿಲ್ಲ ಎಂದು ಅವಳೇ ಹೇಳಿಬಿಡಲಿ ಎನ್ನುವ ಆಸೆ ಅವನ ಬಗ್ಗಿದ ಕುತ್ತಿಗೆಯಲ್ಲೇ ಇತ್ತು. ಈ ವಯಸ್ಸಿನಲ್ಲಿ ಅವನು ಒಬ್ಬನೇ ಅಷ್ಟು ದೂರ ಹೋಗಲಾರ, ಇಲ್ಲಿ ದಿಮ್ಮಿ ಜೋಡಿಸುತ್ತಲೂ ಇರಲಾರ ಎಂದು ಅವಳಿಗೆ ಗೊತ್ತಿತ್ತು. ಅವನಿಗಾಗಿ ಅವಳ ಕರುಳು ಹಿಂಡಿತು.

“ಅವರದ್ದು ನಂಗೇನು ಗೊತ್ತಪ್ಪ,” ಎಂದಳು. “ಇಲ್ಲೇ ಅವ್ರೆ. ಅವರನ್ನೇ ಕೇಳು.”

ರಿಸೀವರನ್ನು ಅವನ ಕೈಯಲ್ಲಿ ಇಟ್ಟು ಅವಳು ಕೋಣೆಯಿಂದ ಹೊರಗೆ ಬಂದಳು. ಒಳಗಿನಿಂದ ಸೀನಪ್ಪ “ಭಾವಾ, ಭಾವಾ” ಎಂದು ಕರೆಯುವುದು ಕೇಳಿಸುತ್ತಿತ್ತು. ಅಶ್ವತ್ಥಪ್ಪ ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ನಿಂತೇ ಇದ್ದ, ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.